ಎಡ ನಳಿಗೆ

ಹಳೆಯ ಎಣ್ಣೆಬಟ್ಟೆಯಲ್ಲಿ ಸುತ್ತಿ ತಂದಿದ್ದ ಎವ್ರಾರ್ ಪಿರ್ನೇ,
ಪಕ್ಕದ ಮನೆಯ ಬೆಕ್ಕನ್ನು ತರುವ ಹಾಗೆ,
ಎಲ್ಲಿ ಪರಚೀತೋ ಎಂದು ಮೈಯಿಂದ ದೂರ ಹಿಡಿದು.
'ಅಪ್ಪನದು,' ಅಂದ. 'ಒಂದು ಸಲ ಹಾರಿಸಬೇಕು.'

ಎಲ್ಲರೂ ಅನ್ನುವುದು ಅದನ್ನೇ.
ನಾನು ಮೊದಲು ಕೇಳುವುದೂ ಒಂದನ್ನೇ: 'ಒಳಗೆ ತೋಟಾ ಇದೆಯಾ?'
ಇಲ್ಲವೆಂದ. ಬಾಯಿಮಾತು ನಂಬದೆ ಮುರಿದು ನೋಡಿದೆ.
ಇರಲಿಲ್ಲ.

ಮಾಡಿದವನ ಹೆಸರಿಲ್ಲದ ಜೋಡುನಳಿಗೆ.
ಕಳಚಿ ಬೋರಲು ಹಾಕಿದೆ;
ನಮ್ಮ ಲಿಯೇಜಿನ ಕೋವಿಗಳ ಜಾತಕ ಇರುವುದು ಹೊಟ್ಟೆಯಡಿ.
ಮೊಟ್ಟೆಯಂಥ ಗೆರೆಯೊಳಗೆ ಮೂರು ಅಕ್ಷರ, ತಲೆಗೊಂದು ಕಿರೀಟ,
ಅಂದರೆ ತೊಂಬತ್ತಮೂರರ ಈಚಿನದು.
ಪಕ್ಕದಲ್ಲಿ ಚೌಕದ ಕಂಬದ ಪುಟ್ಟ ಗುರುತು,
ಅಂದು ಪರೀಕ್ಷೆ ಮಾಡಿದವನ ಒಂಟಿ ಅಕ್ಷರ, ಅರ್ಧ ಸವೆದು.
ಹೊಗೆಯಿಲ್ಲದ ಮದ್ದಿನ ಮುದ್ರೆ?
ದೀಪ ಹತ್ತಿರ ಎಳೆದೆ, ಕನ್ನಡಕ ಬದಲಿಸಿದೆ.
ಇಲ್ಲ. 'ಇದು ಕರಿಮದ್ದಿಗೆ ಹುಟ್ಟಿದ್ದು,' ಎಂದೆ.

ಅಷ್ಟರಲ್ಲಿ ಜೇಬಿನಿಂದ ತೆಗೆದ, ಕೆಂಪು ಪ್ಲಾಸ್ಟಿಕ್ಕಿನ ಎರಡು ಹೊಸ ತೋಟಾ.
'ಕೂರುತ್ತವೆ. ಮನೆಯಲ್ಲೇ ನೋಡಿದೆ.'
ಕೂರುತ್ತವೆ, ನಿಜ. ಬಾಯಿ ಮಡಚಿಕೊಂಡಿರುವಾಗ
ಎಪ್ಪತ್ತರದೂ ಅರವತ್ತೈದರ ಕೋಣೆಯೊಳಗೆ ಸಾಧುವಾಗಿ ಕೂರುತ್ತೆ.
ಸಿಡಿದು ಬಾಯಿ ಬಿಚ್ಚುವಾಗ ಜಾಗ ಸಾಲುವುದಿಲ್ಲ.
ಅವನ ಅಂಗೈಯಿಂದ ಎರಡನ್ನೂ ಎತ್ತಿ ಡ್ರಾಯರಿಗೆ ಹಾಕಿದೆ.

ಆಮೇಲೆ ಚಿತ್ತಾರ.
ನನ್ನಜ್ಜಿಯ ಅಪ್ಪ ಇದೇ ವೆಸ್ದ್ರ್ ಹೊಳೆಯ ದಂಡೆಯಲ್ಲಿ
ಕಬ್ಬಿಣ ಉಕ್ಕುಗಳನ್ನು ಹುರಿಗೊಳಿಸಿ, ಪಟ್ಟಿ ಬಡಿದು,
ಸರಳಿನ ಸುತ್ತ ಸುತ್ತಿ ಬೆಸೆಯುತ್ತಿದ್ದ, ಒಂದು ಕಿವಿ ಕೇಳಿಸದವನು.
ಕುಲುಮೆ ಬಿಸಿಯ ಬಣ್ಣ ನೋಡಲು ಕಿಟಕಿಗೆ ಮಸಿ ಬಳಿದಿದ್ದರಂತೆ.
ಒಂದು ನಳಿಗೆಯಲ್ಲಿ ಎಷ್ಟು ಬೆಸುಗೆ, ಎಣಿಸಿದವರಿಲ್ಲ.
ಒಂದು ಸುಳ್ಳು ಹೇಳಿದ್ದರೂ
ಮೇಲಿನ ಬಳ್ಳಿ ಅಷ್ಟೇ ಚಂದ.

ಬೆರಳಿಗೆ ತೂಗಿಬಿಟ್ಟು ಮರದ ಕಡ್ಡಿಯಿಂದ ತಟ್ಟಿದೆ.
ಇಗರ್ಜಿಯ ಗಂಟೆಯಂತೆ ನುಡಿಯಿತು.
ಅವನ ಮುಖ ಅರಳಿತು. ನನ್ನದು ಅರಳಲಿಲ್ಲ;
ಬೆಸುಗೆಯ ಪಟ್ಟಿ ಸಡಿಲಾಗಿಲ್ಲ, ಆ ದನಿ ಹೇಳುವುದು ಅಷ್ಟೇ.
ಗೋಡೆಯ ದಪ್ಪ ಅಳೆಯುವ ಗೇಜು ತೆಗೆದೆ.

ಬಲ ನಳಿಗೆ: ಪರವಾಗಿಲ್ಲ, ಉದ್ದಕ್ಕೂ.
ಎಡ ನಳಿಗೆ, ಮುಂಗೈ ಹಿಡಿಯುವಲ್ಲಿ, ಮುಳ್ಳು ನಡುಗಿ ಇಳಿಯಿತು.
ಅರ್ಧ ಮಿಲಿಮೀಟರಿಗೂ ಕಡಿಮೆ. ಒಳಗೆ ಸಿಡುಬಿನ ಕಲೆ.
'ಇದು ಎಲ್ಲಿತ್ತು?'

ನಲವತ್ತರ ಮೇ ತಿಂಗಳು. ಕೋವಿ ಒಪ್ಪಿಸಿ ಎಂದು ಗೋಡೆಗೆ ಚೀಟಿ.
ಅಪ್ಪ ಆಗಲೇ ಸೆರೆಯಲ್ಲಿ, ಅಮ್ಮ ರಾತ್ರಿ ಹೂತಳು,
ಈರುಳ್ಳಿ ಮಡಿಯ ಕೆಳಗೆ, ನಾಲ್ಕು ವರ್ಷ ನಾಲ್ಕು ತಿಂಗಳು.
'ಆ ಈರುಳ್ಳಿ ನಾನು ತಿಂದೆ,' ಅಂದ.
'ಯಾವ ಮಗ್ಗುಲಾಗಿ ಮಲಗಿಸಿದ್ದಳು?'
ಅವನಿಗೆ ಗೊತ್ತಿಲ್ಲ. ಕೋವಿಗೆ ಗೊತ್ತಿತ್ತು.
ತೆಗೆದ ಮೇಲೆ ಒರೆಸಿ ಇಟ್ಟಳಂತೆ, ಪ್ರತಿ ಚಳಿಗಾಲ,
ಹಾರಿಸಲು ಬರಬೇಕಾದವನು ಬರಲೇ ಇಲ್ಲ.

ಭಾನುವಾರ ಪಾಳು ಕಲ್ಲುಗಣಿಗೆ ಹೋದೆವು.
ಟ್ರ್ಯಾಕ್ಟರಿನ ಹಳೆ ಟೈರಿಗೆ ಕೋವಿ ಬಿಗಿದೆ.
ಬಲಕ್ಕೆ ಮಾತ್ರ ತೋಟಾ, ನಾನೇ ತುಂಬಿದ್ದು,
ಹಗುರ ಚರೆ, ಅಳೆದ ಕರಿಮದ್ದು.
ಟ್ರಿಗರಿನಿಂದ ಮೂವತ್ತು ಮೀಟರು ದಾರ, ಗೋಡೆಯಾಚೆಗೆ.
ತುದಿ ಅವನ ಕೈಗೆ ಕೊಟ್ಟೆ.

ಢಂ ಎನ್ನಲಿಲ್ಲ. ಧೊಪ್ಪೆಂದಿತು,
ಒದ್ದೆ ಹಾಸಿಗೆಯನ್ನು ಮಹಡಿಯಿಂದ ಎಸೆದಂತೆ.
ಬಿಳಿ ಹೊಗೆ ನಿಧಾನ ಗೋಡೆ ದಾಟಿ ಬಂತು,
ಕೊಳೆತ ಮೊಟ್ಟೆಯ ನಾತ. ಅವನು ಮೂಗು ಮುಚ್ಚಲಿಲ್ಲ.

ಮತ್ತೆ ಅಳೆದೆ. ಉಬ್ಬಿಲ್ಲ, ಬಿರುಕಿಲ್ಲ.
'ಭುಜಕ್ಕೆ ಇಟ್ಟು, ಬಲದ್ದೊಂದನ್ನೇ?'
'ಬೇಡ.'
'ಎಡದ್ದನ್ನೂ ಹೀಗೇ, ದಾರ ಕಟ್ಟಿ?'
'ಅದು ಸೀಳಿದರೆ ನಿಮಗೆ ಉಳಿಯುವುದೇನು?'

ವಾದಿಸಲಿಲ್ಲ ಮುದುಕ.
ನಾನು ಟೈರು ಬಿಚ್ಚುವಷ್ಟರಲ್ಲಿ
ದಾರವನ್ನು ಎರಡು ಬೆರಳಿಗೆ ಎಂಟರಾಕಾರದಲ್ಲಿ ಸುತ್ತುತ್ತ,
ಉಣ್ಣೆಯ ಉಂಡೆ ಮಾಡುವವರ ಹಾಗೆ,
ಕೋವಿಯವರೆಗೂ ನಡೆದು ಬಂದ.
ನನ್ನ ದಾರ. ವಾಪಸ್ ಕೇಳಲಿಲ್ಲ.