ಓವರ್

ಬ್ರೋಕನ್ ಹಿಲ್, ಐವತ್ತೆಂಟನೆಯ ಇಸವಿ.
ಮೈಕಿನ ಮುಂದೆ ಕೂತು ಹಾಜರಿ ಕೂಗುತ್ತಿದ್ದೆ.
ಹದಿನೇಳು ಮಕ್ಕಳು,
ಒಬ್ಬರ ಮುಖವೂ ಗೊತ್ತಿಲ್ಲ.

"ಕೋರಲ್ ಟ್ರಾಂಟರ್?"
ಗರಗರ. ಗರಗರ.
ಇನ್ನೂರು ಮೈಲಿಯಾಚೆ ಮೊದಲು ನಾಯಿ ಬೊಗಳಿತು,
ಆಮೇಲೆ ಅವಳು: "ಇದ್ದೇನೆ ಮಿಸ್. ಓವರ್."

ಏಳರ ಮಗ್ಗಿ ಒಪ್ಪಿಸುತ್ತಿದ್ದಳು ಒಂದು ದಿನ,
ಏಳೆಂಟ್ಲ ಅನ್ನುವಷ್ಟರಲ್ಲಿ ಧೂಳುಗಾಳಿ ಎದ್ದು
ಉತ್ತರವನ್ನು ತಿಂದುಹಾಕಿತು.
ಅಂದಿನ ಪಾಠ ಅಷ್ಟೇ.

ವಾರಕ್ಕೊಮ್ಮೆ ಟಪಾಲು.
ಲೆಕ್ಕದ ಹಾಳೆಯ ಬೆನ್ನಿಗೆ ತಾಯಿಯ ಪೆನ್ಸಿಲ್ ಅಕ್ಷರ:
"ರಾತ್ರಿ ಪ್ರಾರ್ಥನೆಯ ಕೊನೆಗೂ ಓವರ್ ಅನ್ನುತ್ತಾಳೆ,
ಅಂದು, ಉತ್ತರಕ್ಕೆ ಕಿವಿಗೊಟ್ಟು ಮಲಗಿರುತ್ತಾಳೆ.
ಏನು ಮಾಡಲಿ?"
ಕೆಂಪು ಶಾಯಿಯಲ್ಲಿ ಬರೆದೆ:
ಕಾಯಲಿ ಬಿಡಿ.

ಡಿಸೆಂಬರಿನಲ್ಲಿ ಬಂದಳು, ಲಾರಿಯಿಂದ ಇಳಿದು,
ಹುಬ್ಬಿನ ತನಕ ಕೆಂಧೂಳು.
ನನ್ನನ್ನು ಕಂಡವಳೇ ತಾಯಿಯ ಹಿಂದೆ ಸರಿದಳು.
ಅವಳ ಮಿಸ್ ಹೆಸ್ಕೆತ್
ಇಷ್ಟು ಗಿಡ್ಡ ಇರಲಿಲ್ಲ,
ಅವಳಿಗೆ ಕನ್ನಡಕವೂ ಇದ್ದಿರಲಾರದು.

ಏನು ಹೇಳಲೂ ತೋಚದೆ
ಬೆನ್ನು ತಿರುಗಿಸಿ ನಿಂತೆ,
ಎದುರಿನ ಬೋಳು ಗೋಡೆಗೆ ಕೂಗಿದೆ:
"ಏಳೆಂಟ್ಲ?"

ಸ್ವಲ್ಪ ಹೊತ್ತು ಗರಗರವೂ ಇಲ್ಲ.
ಆಮೇಲೆ, ಉಸಿರು ಮೊಣಕೈಗೆ ತಾಗುವಷ್ಟು ಹತ್ತಿರ,
"ಐವತ್ತಾರು, ಮಿಸ್.
ಓವರ್."