ರಿಜಿಸ್ಟರಿನಲ್ಲಿ ಅಳಿವೆ

ಕಮ್ಮನಹಳ್ಳಿಯ ಟೈಲ್ಸ್ ಅಂಗಡಿಯ ಕೆಳಗೆ ನನ್ನ ರೂಮು.
ಗೋಡೆಗೆ ಮೊಟ್ಟೆ ಟ್ರೇ, ಬಾಗಿಲಿಗೆ ಹಳೆ ಹಾಸಿಗೆ,
ಗಂಟೆಗೆ ಮುನ್ನೂರೈವತ್ತು, ಫ್ಯಾನು ಸೇರಿ.
ಗಣೇಶನ ಪೆಂಡಾಲುಗಳಲ್ಲಿ ಹದಿನೆಂಟು ವರ್ಷ
ಕೀಬೋರ್ಡು ಬಾರಿಸಿದವನು ನಾನು.
ಇವರ ಸಂಗೀತ ನನಗೆ ಸೇರದು,
ಮೊದಲೇ ಹೇಳಿಬಿಡುತ್ತೇನೆ.

ಗಂಗೊಳ್ಳಿಯ ನಾಲ್ಕು ಹುಡುಗರು.
ಜೂನ್ ಒಂದರ ಬೆಳಿಗ್ಗೆ, ರಾತ್ರಿ ಬಸ್ಸಿಳಿದು,
ಡ್ರಮ್ಮಿನ ಚೀಲಕ್ಕೂ ಅರ್ಧ ಟಿಕೆಟ್ ಕೊಟ್ಟು ಬಂದವರು
ರಿಜಿಸ್ಟರಿನಲ್ಲಿ ಬರೆದರು: ಅಳಿವೆ.
ಅಂದ್ರೆ? ಎಂದೆ.
"ಹೊಳಿ ಹೋಯಿ ಕಡ್ಲಿಗ್ ಬೀಳು ಜಾಗ,"
ಎಂದ ಪುಂಡಲೀಕ ಖಾರ್ವಿ, ಕರೆಯುವುದು ಪುಂಡ.
ಪೋಸ್ಟರಿನವರು ಇಂಗ್ಲಿಷಿನ ಐದಕ್ಷರದಲ್ಲಿ ಅಚ್ಚು ಹಾಕಿದರು,
ಬೆಂಗಳೂರು ಅದನ್ನು ಅಲೈವ್ ಎಂದು ಓದಿತು.
ನನಗೆ ಮಾತ್ರ ಏಳು ವರ್ಷವೂ
ಅಳಿವು ಎಂದೇ ಕೇಳಿಸಿತು.
ಎಡಗಿವಿ ಆಗಲೇ ಮಂದ.

ಟ್ರಾಲಿಂಗ್ ನಿಷೇಧ ಅರವತ್ತೊಂದು ದಿನ.
ಬೋಟು ದಡಕ್ಕೇರಿದರೆ ಬ್ಯಾಂಡು ನೀರಿಗಿಳಿಯುತ್ತದೆ.
ಆಗಸ್ಟ್ ಒಂದಕ್ಕೆ ಪುಂಡ ಬಲೆಗೆ,
ದಿವಾಕರ ದೇವಾಡಿಗ ಐಸ್ ಪ್ಲಾಂಟಿಗೆ,
ಗ್ಲೆನ್ ಕ್ರಾಸ್ತಾ ಇಂಜಿನ್ನಿನ ಗ್ರೀಸಿಗೆ,
ಇಫ್ತಿಕಾರ್ ಅಪ್ಪನ ಪಾತ್ರೆ ಅಂಗಡಿಗೆ.
ಇಲ್ಲಿಯ ಹುಡುಗರು ವರ್ಷವಿಡೀ ಬರುತ್ತಾರೆ,
ಟ್ಯೂನ್ ಮಾಡುವುದರಲ್ಲೇ ಗಂಟೆ ಕಳೆಯುತ್ತಾರೆ.
ಇವರು ಕೇಬಲ್ ಚುಚ್ಚಿದ್ದೇ ಶುರು.

ಆ ಕೂಗು ಎಲ್ಲಿ ಕಲಿತೆಯೋ ಎಂದು ಕೇಳಿದ್ದೆ.
"ಆರ್ ಸಿಲಿಂಡರ್ ಇಂಜಿನ್ ಪಕ್ಕ ನಿಂತ್ಕಂಡ್
ಹಗ್ಗ ಬಿಡ್ ಅಂದೇಳಿ ಕಾಣಿ,
ನಿಮ್ಗೂ ಬತ್ತ್."
ಬ್ರೇಕ್‌ಡೌನ್ ಅಂದರೆ ಇಲ್ಲಿಯವರಿಗೆ
ಲಯ ಅರ್ಧಕ್ಕಿಳಿದು
ಜನ ಒಬ್ಬರ ಮೇಲೊಬ್ಬರು ಬೀಳುವ ಜಾಗ.
ಗ್ಲೆನ್ನಿಗೆ ಅದು ಹದಿನೆಂಟು ಮಾರು ನೀರಿನ ಮೇಲೆ
ಸ್ಪ್ಯಾನರ್ ಕೈಜಾರಿದ ಹೊತ್ತು.
ಎರಡಕ್ಕೂ ಅವನದು ಒಂದೇ ಮುಖ.

ಮೂರನೇ ಮಳೆಗಾಲ: ಕೋರಮಂಗಲದ ಪಬ್ಬು, ನಲವತ್ತು ಜನ,
ಅದರಲ್ಲಿ ಹನ್ನೊಂದು ಮಂದಿ ಕ್ರಿಕೆಟ್ ನೋಡಲು ಬಂದವರು.
ಐದನೇದು: ಅರಮನೆ ಮೈದಾನ, ಮಧ್ಯಾಹ್ನ ಮೂರಕ್ಕೆ,
ದೊಡ್ಡ ಬ್ಯಾಂಡು ಹತ್ತುವ ಐದು ಗಂಟೆ ಮೊದಲು, ಎರಡು ಸಾವಿರ.
ನಾನೂ ಹೋಗಿದ್ದೆ, ಕಿವಿಗೆ ಹತ್ತಿ ತುರುಕಿ.
ಯಾರೋ ಹುಡುಗಿ ಮೊಣಕೈಯ ಮೇಲೆ
ಕನ್ನಡದಲ್ಲೇ ಹೆಸರು ಹಚ್ಚೆ ಹಾಕಿಸಿದ್ದಳು.
ಅಲಿವೆ ಎಂದು.
ಪುಂಡ ಅದನ್ನು ತಿದ್ದಲಿಲ್ಲ, ಸುಮ್ಮನೆ ಮುಟ್ಟಿ ನೋಡಿದ.
ಆರನೇದು: ಆಲ್ಬಂ ಮಾಡೋಣ ಎಂದಿತು ಒಂದು ಕಂಪನಿ,
ನವೆಂಬರಿನಲ್ಲಿ ಊರೂರು ಸುತ್ತಬೇಕು ಎಂದಿತು.
ನವೆಂಬರಿನಲ್ಲಿ ಬಂಗುಡೆ.
ಮಾತು ಅಲ್ಲಿಗೆ ನಿಂತಿತು.

ಏಳನೇ ಮಳೆಗಾಲ, ಗಂಟಲಲ್ಲಿ ಗಂಟು.
ಆರು ವಾರ ತುಟಿ ಬಿಚ್ಚಬೇಡ ಎಂದರು ಡಾಕ್ಟರು.
ಅವನು ರಿಜಿಸ್ಟರಿನ ಕೊನೆಯ ಹಾಳೆಯಲ್ಲಿ ಬರೆದು ತೋರಿಸಿದ:
ಬೋಟ್ ಮೇಲ್ ಮಾತಾಡ್ದೆ ಹ್ಯಾಂಗೆ?
ಮಿಕ್ಕ ದನಿಯನ್ನು ಕಡಲಿಗೆ ಎತ್ತಿಟ್ಟುಕೊಂಡು
ರಾತ್ರಿ ಬಸ್ಸು ಹತ್ತಿದ.

ನಿನ್ನೆ ಕೂತು ಲೆಕ್ಕ ಹಾಕಿದೆ.
ಅರವತ್ತೊಂದೇಳಲಿ ನಾನೂರ ಇಪ್ಪತ್ತೇಳು:
ಒಂದು ವರ್ಷ, ಮೇಲೊಂದು ನಿಷೇಧ,
ಅದರ ಮೇಲೆ ಒಂದು ದಿನ.

ಆ ಒಂದು ದಿನ ಯಾವುದೆಂದು ನನಗೆ ಗೊತ್ತು.
ನಾಲ್ಕನೇ ವರ್ಷದ ಜುಲೈ ಮೂವತ್ತು, ಕರೆಂಟು ಹೋಗಿ
ಗಿಟಾರುಗಳೆಲ್ಲ ಮೂಕ. ಜನರೇಟರಿಗೆ ಡೀಸೆಲ್ ಹಾಕಿಸಿರಲಿಲ್ಲ ನಾನು.
ದಿವಾಕರ ಕೈ ನಿಲ್ಲಿಸಲಿಲ್ಲ.
ಕತ್ತಲಲ್ಲಿ ಮೈಕಿಲ್ಲದೆ ಪುಂಡ ಕೂಗಿದ,
ನಾಲ್ಕು ವರ್ಷ ನಾನು ಇಂಗ್ಲಿಷ್ ಅಂದುಕೊಂಡಿದ್ದನ್ನು:
ನೀರ್ ಕಾಣ್, ನೀರ್ ಕಾಣ್,
ಬಣ್ಣ ಬದ್ಲಾಪ್ದ್ ಕಾಣ್.
ಟೈಲ್ಸ್ ಅಂಗಡಿಯ ಸೇಠು ಬಂದು ಬಾಗಿಲು ಗುದ್ದಿದರು,
ತಾಳಕ್ಕೆ ಸರಿಯಾಗಿಯೇ ಗುದ್ದಿದರು ಅನಿಸುತ್ತದೆ.

ಬಾಕಿ ಸಾವಿರದ ನಾನ್ನೂರು ಇತ್ತು.
ಮೊನ್ನೆ ಬಸ್ಸಿನಲ್ಲಿ ಪಾರ್ಸಲು ಬಂತು, ಚೀಟಿಯಿಲ್ಲ,
ಎರಡು ಕಿಲೋ ಒಣ ಚಟ್ಲಿ.
ಮೊಟ್ಟೆ ಟ್ರೇಗೆಲ್ಲ ವಾಸನೆ ಹಿಡಿದಿದೆ.
ಈಗ ಬರುವ ಹುಡುಗರು ಮೂಗು ಮುಚ್ಚಿಕೊಂಡು ಟ್ಯೂನ್ ಮಾಡುತ್ತಾರೆ,
ಬೇಗ ಮುಗಿಸುತ್ತಾರೆ.