ಎಳ್ಳಷ್ಟು

"ಎಷ್ಟು ತಿಂದಳು?" ಕೇಳಿದರು ಡಾಕ್ಟರ್ ಶಮ್ಸಾ.
"ಎಳ್ಳಷ್ಟು" ಅಂದುಬಿಟ್ಟೆ.
ಬಾಯಿಗೆ ಬರುವ ನಮ್ಮ ಮಾತು ಅದು, ಅಳತೆಯಲ್ಲ.
ಆಗ ಗೊತ್ತಿರಲಿಲ್ಲ
ಉತ್ತರವನ್ನೇ ಹೇಳಿದ್ದೇನೆಂದು.

ಸೊಹಾರ್. ಜುಲೈ. ಹೊರಗೆ
ಕಾರಿನ ಬಾಗಿಲು ಮುಟ್ಟಿದರೆ ಬೊಬ್ಬೆ ಏಳುವ ಮಧ್ಯಾಹ್ನ,
ಒಳಗೆ ಏಸಿಯ ಚಳಿಗೆ ಮಗುವಿಗೆ ಎರಡು ಅಂಗಿ.
ಕಾಗದದಲ್ಲಿ ಒಂದು ಸಾಲು, ಕೆಳಗೆ ಖಾಲಿ ಜಾಗ:
ತಂದೆತಾಯಿ ಹೇಳಿದಂತೆ.

ಹೇಳಿದೆವು.
ಇಪ್ಪತ್ತು ನಿಮಿಷ ಆಗಿತ್ತು, ಅಂದ ಚಂದ್ರಾಮ.
ಇಲ್ಲ, ಮಗ್ರಿಬಿನ ಬಾಂಗು ಶುರುವಾದಾಗ ಬಾಯಿ ಒರೆಸಿದೆ,
ಬಾಂಗು ಮುಗಿಯುವುದರೊಳಗೆ ತುಟಿ ಊದಿತ್ತು.
ಮೊದಲು ಕಿವಿಯ ಹಿಂದೆ ಕೆಂಪಾಯಿತು, ಅಂದೆ.
ಮೊದಲು ಕೆಮ್ಮಿದಳು, ಅಂದ.
ಒಂದೇ ಮಗು, ಒಂದೇ ಸಂಜೆ, ಎರಡು ಹೇಳಿಕೆ.
ಪೊಲೀಸ್ ಠಾಣೆಯಾಗಿದ್ದರೆ
ಇಬ್ಬರನ್ನೂ ಕೂರಿಸಿಕೊಳ್ಳುತ್ತಿದ್ದರು.

ನನ್ನ ಹತ್ತಿರ ನೋಟುಬುಕ್ಕಿತ್ತು,
ಅವನ ವೆಲ್ಡಿಂಗ್ ಯಾರ್ಡಿನದು, ಹಸಿರು ರಟ್ಟು.
ರಾಡುಗಳ ಲೆಕ್ಕದ ಕಾಲಮ್ಮಿನಲ್ಲಿ
ಪಿತ್ತಗಂಧೆ ಎದ್ದ ದಿನಗಳು, ಎದುರಿಗೆ ಆರೋಪಿಗಳು.
ಹಾಲು. ತತ್ತಿ. ಗೋಧಿ, ಶೇಂಗಾ, ಬಾಳೆಹಣ್ಣು.
ನಾನು ತಿಂದ ಬದನೆಕಾಯಿ: ಇಳಕಲ್ಲಿನಿಂದ ಅತ್ತೆಯ ಸಂಶಯ.
ಸಮುದ್ರ ಸೋಸಿದ ನೀರು: ಫೋರ್‌ಮನ್ನನದು.
ಕೆಳಮನೆಯವಳ ಕಣ್ಣು, ಎಂದು ಬರೆದು
ಹೊಡೆದುಹಾಕಿದ್ದೆ. ಹೊಡೆದದ್ದೂ ಕಾಣುತ್ತಿತ್ತು.

ಎಲ್ಲಕ್ಕೂ ಬಾಗಿಲು ಹಾಕಿ
ಆರು ವಾರ ಅಕ್ಕಿಗಂಜಿ, ಬರೀ ಅಕ್ಕಿಗಂಜಿ.
ಎಂಟು ತಿಂಗಳ ಮೇದಿನಿ ನನ್ನ ತಟ್ಟೆಯನ್ನು
ಬಡ್ಡಿ ವಸೂಲಿಗೆ ಬಂದವರ ಹಾಗೆ ನೋಡುತ್ತಿದ್ದಳು.

ಶಮ್ಸಾ ಪೂರ್ತಿ ಓದಿಸಿಕೊಂಡರು. ನಗಲಿಲ್ಲ.
ಹೊಡೆದ ಸಾಲಿನ ಮೇಲೆ ಬೆರಳಿಟ್ಟು, ಇದು?
ನೆರೆಮನೆ, ಅಂದೆ.
ಏನು ಕೊಟ್ಟಳು, ನೆರೆಮನೆ?

ಕೊಟ್ಟಿದ್ದಳು. ಅಲೆಪ್ಪೊದ ಉಮ್ಮ್ ನವ್ರಾಸ್,
ಹಸಿದ ಕೂಸನ್ನು ನೋಡಲಾರದೆ,
ಕಿರುಬೆರಳ ತುದಿಯಲ್ಲಿ ಬೆಳ್ಳಗಿನದೇನೋ.
ಅರೆದ ಕಡಲೆ, ನಿಂಬೆ.
ಮತ್ತೆ?
ಮತ್ತೆ, ತಹಿನಿ.
"ಸಿಮ್‌ಸಿಮ್" ಅಂದರು ಡಾಕ್ಟರು, ಪೆನ್ನು ಕೆಳಗಿಟ್ಟು.
ಅಂದರೆ ಎಳ್ಳು.

ಬೆನ್ನ ಮೇಲೆ ಸಾಲಾಗಿ ಹನಿ, ಹನಿಗೊಂದು ಚುಚ್ಚು.
ಕಣ್ಣಿಗೆ ಹನಿ ಇರಲಿಲ್ಲ, ನೀರಿಗೂ.
ಹದಿನೈದು ನಿಮಿಷ ಅವಳ ಎರಡೂ ಕೈ ಹಿಡಿದಿದ್ದೆ.
ಒಂದೇ ಒಂದು ಎದ್ದಿತು:
ಎಳ್ಳು, ತೊಗರಿಬೇಳೆಯಷ್ಟಾಗಿ.

ಉಳಿದವೆಲ್ಲ ಒಂದೊಂದಾಗಿ ಮನೆಗೆ ಮರಳಿದವು,
ತಪ್ಪಿಲ್ಲದೆ ಜೈಲಿಗೆ ಹೋಗಿಬಂದವರಂತೆ.
ಮೊದಲ ತುತ್ತು ತತ್ತಿಗೆ ಮೇದಿನಿ ಕಣ್ಣು ಮುಚ್ಚಿದಳು.
ಆ ಆರು ವಾರದ ಹಸಿವನ್ನು
ನೋಟುಬುಕ್ಕಿನ ಯಾವ ಕಾಲಮ್ಮಿಗೆ ಹಾಕಲಿ?

ಅವ್ವ ಕಳಿಸಿದ ಚಟ್ನಿಪುಡಿ, ಸಜ್ಜಿರೊಟ್ಟಿಯ ಕಟ್ಟು,
ಎಲ್ಲಕ್ಕೂ ಎಳ್ಳುನೀರು ಬಿಟ್ಟೆವು.
ಬಿಸಿಲಿಗೆ ಕೆಡುತ್ತದೆಂದು ಇಂಜೆಕ್ಷನ್ ಪೆನ್ನನ್ನು
ಕಾರಿನಲ್ಲಿ ಬಿಡುವಂತಿಲ್ಲ;
ಡಯಾಪರಿನ ಚೀಲದಲ್ಲಿ ನನ್ನ ಹೆಗಲಿಗೇ ಇರುತ್ತದೆ.
ಮೆಟ್ಟಿಲಲ್ಲಿ ಉಮ್ಮ್ ನವ್ರಾಸ್ ಸಿಕ್ಕಾಗ
ಅವಳು ದೂರದಿಂದಲೇ ಎರಡೂ ಅಂಗೈ ತೋರಿಸುತ್ತಾಳೆ,
ತೊಳೆದಿದ್ದೇನೆ, ನೋಡು.
ಹೊಡೆದ ಆ ಸಾಲಿನ ಮಾತು ನಾನಿನ್ನೂ ಅವಳಿಗೆ ಹೇಳಿಲ್ಲ.

ಸಂಕ್ರಾಂತಿಯ ದಿನ ಪರದೆ ತುಂಬ ಅತ್ತೆ.
"ಎಳ್ಳುಬೆಲ್ಲ ತಗೊಂಡು ಎಳ್ಳುಬೆಲ್ಲದಂಗ ಇರೂಣು"
ಎಂದು ಮುಷ್ಟಿ ಬಿಚ್ಚಿ
ಕ್ಯಾಮರಾದ ಹತ್ತಿರಕ್ಕೆ, ಇನ್ನೂ ಹತ್ತಿರಕ್ಕೆ ತಂದರು.
ಮೇದಿನಿ ಬಾಯಿ ತೆರೆದಳು.

ಸಮುದ್ರದಾಚೆಯ ಕೈ ಅದು.
ಆದರೂ ಫೋನನ್ನು ಸರಕ್ಕನೆ ಕಿತ್ತುಕೊಂಡೆ.
ಅತ್ತೆಗೆ ಕಂಡದ್ದು ನಮ್ಮ ಚಾವಣಿಯಿರಬೇಕು.
"ಯಾಕವ್ವಾ," ಅನ್ನುತ್ತಿದ್ದರು,
"ಕೂಸು ಕಾಣವಲ್ತು?"